ಹೊರಬಿದ್ದವರು ಕುಣಿದ ದಿನ

2011ರ ಅಕ್ಟೋಬರ್ 8, ಶನಿವಾರ. ದಕ್ಷಿಣ ಆಫ್ರಿಕಾದ ನೆಲ್‌ಸ್ಪ್ರೇಟ್ ಊರಿನ ಎಂಬೊಂಬೆಲಾ ಕ್ರೀಡಾಂಗಣ. 2010ರ ಫುಟ್‌ಬಾಲ್ ವಿಶ್ವಕಪ್‌ಗೆಂದು ಕಟ್ಟಿದ್ದು. ಚಾವಣಿ ಹೊತ್ತ 18 ಕಂಬಗಳು ದೂರದಿಂದ ಜಿರಾಫೆಗಳ ಹಾಗೆ ಕಾಣುತ್ತವೆ, ಕುರ್ಚಿಗಳಿಗೆ ಜೀಬ್ರಾ ಪಟ್ಟೆ. ರೆಫರಿ ಕೊನೆಯ ಸೀಟಿ ಊದಿದಾಗ ದಕ್ಷಿಣ ಆಫ್ರಿಕಾ 0, ಸಿಯೆರಾ ಲಿಯೋನ್ 0. ತವರಿನಲ್ಲಿ ಗೋಲೇ ಇಲ್ಲದ ಪಂದ್ಯ ನೋಡಿದ ಜನ ಸಾಮಾನ್ಯವಾಗಿ ಗೊಣಗುತ್ತಾ ಎದ್ದು ಹೋಗುತ್ತಾರೆ. ಅವತ್ತು ಯಾರೂ ಗೊಣಗಲಿಲ್ಲ. ಆಟಗಾರರು ಒಬ್ಬರನ್ನೊಬ್ಬರು ತಬ್ಬಿಕೊಂಡರು, ಮೈದಾನದಲ್ಲೇ ಕುಣಿದರು, ಪ್ರೇಕ್ಷಕರತ್ತ ಕೈ ಬೀಸುತ್ತಾ ಸುತ್ತು ಹೊಡೆದರು. ಟಿವಿಯಲ್ಲೂ ಅದೇ ಸಂಭ್ರಮ: 2012ರ ಆಫ್ರಿಕಾ ಕಪ್‌ಗೆ ನಮ್ಮ ಹುಡುಗರು ಅರ್ಹತೆ ಪಡೆದರು.

ಪಡೆದಿರಲಿಲ್ಲ. ಆ ಜಾಗ ಹೋದದ್ದು ನೈಜರ್ ದೇಶಕ್ಕೆ. ಅದೇ ದಿನ ಕೈರೋದಲ್ಲಿ ಈಜಿಪ್ಟ್ ಎದುರು 0-3ರಿಂದ ಸೋತ ನೈಜರ್‌ಗೆ.

ಈ ಪ್ರಕರಣವನ್ನು ಗೆಳೆಯರಿಗೆ ಹೇಳಿದಾಗಲೆಲ್ಲ ಮೊದಲು ಬರುವುದು ನಗು. 'ಅಲ್ಲಾ ಮಾರಾಯ, ದೇಶದ ತಂಡದ ಕೋಚ್‌ಗೆ ಇಷ್ಟೂ ಗೊತ್ತಿರಲ್ವಾ?' ಆಮೇಲೆ ನಾನು ಆರು ಸುತ್ತಿನ ಫಲಿತಾಂಶ ಬರೆದುಕೊಟ್ಟು, ನಿಯಮವನ್ನೂ ಹೇಳಿ, ನೀನೇ ಲೆಕ್ಕ ಹಾಕು ಎನ್ನುತ್ತೇನೆ. ನಿಯಮ ಗೊತ್ತಿದ್ದೂ ಎಡವುವವರಿದ್ದಾರೆ. ಈ ಪ್ರಕರಣದಲ್ಲಿ ನನಗೆ ಕುಣಿತಕ್ಕಿಂತ ರುಚಿಸುವುದು ಆ ಎಡವುವ ಜಾಗ.

ಹದಿನಾಲ್ಕು ಜಾಗ, ಹನ್ನೊಂದು ಗುಂಪು

2012ರ ಟೂರ್ನಿ ನಡೆದದ್ದು ಗ್ಯಾಬನ್ ಮತ್ತು ಈಕ್ವಟೋರಿಯಲ್ ಗಿನಿ ದೇಶಗಳಲ್ಲಿ. ಒಟ್ಟು 16 ತಂಡ. ಆತಿಥೇಯರಿಬ್ಬರಿಗೆ ನೇರ ಪ್ರವೇಶ, ಉಳಿದ 14 ಜಾಗಕ್ಕೆ ಆಫ್ರಿಕಾ ಖಂಡದ ಮಿಕ್ಕ ದೇಶಗಳ ಪೈಪೋಟಿ. ತಂಡಗಳನ್ನು 11 ಗುಂಪುಗಳಿಗೆ ಹಂಚಿದ್ದರು. ಒಂದರಲ್ಲಿ ಐದು ತಂಡ, ಉಳಿದವುಗಳಲ್ಲಿ ನಾಲ್ಕು ನಾಲ್ಕು. ಪ್ರತಿ ಗುಂಪಿನ ಮೊದಲಿಗರು ಒಳಗೆ. ಐದು ತಂಡಗಳ ಗುಂಪಿನಿಂದ ಎರಡನೆಯವರೂ ಒಳಗೆ. ಉಳಿದ ಗುಂಪುಗಳ ಎರಡನೇ ಸ್ಥಾನಿಗಳಲ್ಲಿ ಅತ್ಯುತ್ತಮ ಇಬ್ಬರಿಗೆ ಕೊನೆಯ ಎರಡು ಚೀಟಿ. ಅವು ಸೂಡಾನ್ ಮತ್ತು ಲಿಬಿಯಾ ಪಾಲಾದವು. ಪ್ರತಿ ತಂಡವೂ ಗುಂಪಿನ ಉಳಿದ ತಂಡಗಳ ಜೊತೆ ಒಮ್ಮೆ ತವರಲ್ಲಿ, ಒಮ್ಮೆ ಅವರ ಊರಲ್ಲಿ ಆಡಬೇಕು. ಗೆದ್ದರೆ ಮೂರು ಅಂಕ, ಡ್ರಾ ಆದರೆ ಒಂದು.

ನಮ್ಮ ಏಷ್ಯಾ ಕಪ್ ಅರ್ಹತಾ ಸುತ್ತೂ ಸ್ಥೂಲವಾಗಿ ಇದೇ ಜಾಡಿನದು. ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ 2017ರ ಅಕ್ಟೋಬರ್ 11ರಂದು ಭಾರತ ಮಕಾವ್ ತಂಡವನ್ನು 4-1ರಿಂದ ಸೋಲಿಸಿ 2019ರ ಏಷ್ಯಾ ಕಪ್‌ಗೆ ಹೋದದ್ದು ಕೆಲವರಿಗೆ ನೆನಪಿರಬಹುದು. ಆಗ ಇನ್ನೂ ಎರಡು ಪಂದ್ಯ ಬಾಕಿ ಇದ್ದವು, ಹಾಗಾಗಿ ಯಾರೂ ಕ್ಯಾಲ್ಕುಲೇಟರ್ ಹಿಡಿಯಬೇಕಾಗಲಿಲ್ಲ. ಕ್ಯಾಲ್ಕುಲೇಟರ್ ಬೇಕಾಗುವುದು ಕೊನೆಯ ದಿನದವರೆಗೂ ಎಳೆದುಕೊಂಡು ಹೋದಾಗ.

ನಮ್ಮ ಕಥೆಯ ಜಿ ಗುಂಪಿನಲ್ಲಿದ್ದವರು ಈಜಿಪ್ಟ್, ದಕ್ಷಿಣ ಆಫ್ರಿಕಾ, ಸಿಯೆರಾ ಲಿಯೋನ್, ನೈಜರ್. ಈಜಿಪ್ಟ್ ಅಂದರೆ ಸಾಮಾನ್ಯದ ತಂಡವಲ್ಲ. 2006, 2008, 2010, ಸತತ ಮೂರು ಬಾರಿ ಆಫ್ರಿಕಾ ಚಾಂಪಿಯನ್. ಆ ಗುಂಪಿನಲ್ಲಿ ಮೊದಲ ಸ್ಥಾನ ಯಾರದ್ದು ಎಂದು ಕೇಳುವುದೇ ದಡ್ಡತನ ಅನ್ನಿಸುತ್ತಿತ್ತು. ನೈಜರ್ ಅಲ್ಲಿಯವರೆಗೆ ಒಮ್ಮೆಯೂ ಆಫ್ರಿಕಾ ಕಪ್ ಆಡಿರಲಿಲ್ಲ. ಸಹಾರಾ ಅಂಚಿನ, ಕಡಲೇ ಇಲ್ಲದ, ಕೈ ಬಿಗಿಯಾದ ದೇಶ.

ಆದರೆ ಈಜಿಪ್ಟ್ ಮೊದಲ ದಿನದಿಂದಲೇ ಎಡವಿತು. ಕೈರೋದಲ್ಲಿ ಸಿಯೆರಾ ಲಿಯೋನ್ ಜೊತೆ ಡ್ರಾ, ನಿಯಾಮೆಯಲ್ಲಿ ನೈಜರ್‌ಗೆ ಸೋಲು. ನಂತರ 2011ರ ಜನವರಿಯಲ್ಲಿ ತಹ್ರೀರ್ ಚೌಕದ ಕ್ರಾಂತಿ. ದೇಶದ ಲೀಗ್ ನಿಂತುಹೋಯಿತು. ಮೂರು ಕಪ್ ಗೆಲ್ಲಿಸಿದ ಕೋಚ್ ಹಸನ್ ಶೆಹಾತಾ ಜೂನ್‌ನಲ್ಲಿ ಜಾಗ ಬಿಟ್ಟರು. ಕೊನೆಕೊನೆಗೆ ಈಜಿಪ್ಟ್ ಕಣಕ್ಕಿಳಿಸಿದ್ದು 23ರ ಒಳಗಿನ ಹುಡುಗರನ್ನು.

ಹನ್ನೆರಡೂ ಪಂದ್ಯಗಳ ಫಲಿತಾಂಶ ಇಲ್ಲಿದೆ. ಮುಂದಿನದೆಲ್ಲ ಈ ಅಂಕಿಗಳಲ್ಲೇ ಅಡಗಿದೆ, ಒಂದು ಕಣ್ಣು ಇಟ್ಟಿರಿ.

2010 ಸೆಪ್ಟೆಂಬರ್: ದಕ್ಷಿಣ ಆಫ್ರಿಕಾ 2 – ನೈಜರ್ 0, ಈಜಿಪ್ಟ್ 1 – ಸಿಯೆರಾ ಲಿಯೋನ್ 1
2010 ಅಕ್ಟೋಬರ್: ನೈಜರ್ 1 – ಈಜಿಪ್ಟ್ 0, ಸಿಯೆರಾ ಲಿಯೋನ್ 0 – ದಕ್ಷಿಣ ಆಫ್ರಿಕಾ 0
2011 ಮಾರ್ಚ್: ದಕ್ಷಿಣ ಆಫ್ರಿಕಾ 1 – ಈಜಿಪ್ಟ್ 0, ನೈಜರ್ 3 – ಸಿಯೆರಾ ಲಿಯೋನ್ 1
2011 ಜೂನ್: ಸಿಯೆರಾ ಲಿಯೋನ್ 1 – ನೈಜರ್ 0, ಈಜಿಪ್ಟ್ 0 – ದಕ್ಷಿಣ ಆಫ್ರಿಕಾ 0
2011 ಸೆಪ್ಟೆಂಬರ್: ಸಿಯೆರಾ ಲಿಯೋನ್ 2 – ಈಜಿಪ್ಟ್ 1, ನೈಜರ್ 2 – ದಕ್ಷಿಣ ಆಫ್ರಿಕಾ 1
2011 ಅಕ್ಟೋಬರ್: ದಕ್ಷಿಣ ಆಫ್ರಿಕಾ 0 – ಸಿಯೆರಾ ಲಿಯೋನ್ 0, ಈಜಿಪ್ಟ್ 3 – ನೈಜರ್ 0

ನೈಜರ್‌ನ ಸಾಲುಗಳನ್ನಷ್ಟೇ ಓದಿ ನೋಡಿ. ತವರಿನ ಮೂರೂ ಪಂದ್ಯ ಗೆಲುವು, ಹೊರಗಿನ ಮೂರೂ ಸೋಲು. ಹೊರಗೆ ಒಂದೇ ಒಂದು ಗೋಲೂ ಇಲ್ಲ. ಮನೆಯಲ್ಲಿ ಹುಲಿ, ಬೀದಿಯಲ್ಲಿ ಇಲಿ ಎಂಬ ಮಾತಿಗೆ ಇದಕ್ಕಿಂತ ಶುದ್ಧ ಉದಾಹರಣೆ ನಾನು ಕಂಡಿಲ್ಲ.

ಡ್ರಾ ಸಾಕು ಎಂಬ ಲೆಕ್ಕ

ಕೊನೆಯ ದಿನಕ್ಕೆ ಮೊದಲು ಅಂಕಪಟ್ಟಿ ಹೀಗಿತ್ತು: ನೈಜರ್ 9, ದಕ್ಷಿಣ ಆಫ್ರಿಕಾ 8, ಸಿಯೆರಾ ಲಿಯೋನ್ 8, ಈಜಿಪ್ಟ್ 2. ಈಜಿಪ್ಟ್ ಆಗಲೇ ಹೊರಗೆ. ನೈಜರ್ ಕೈರೋದಲ್ಲಿ ಗೆದ್ದರೆ ಕಥೆ ಮುಗಿಯಿತು. ಸೋತರೆ, ನೆಲ್‌ಸ್ಪ್ರೇಟ್‌ನಲ್ಲಿ ಗೆದ್ದವರು 11 ಅಂಕದೊಂದಿಗೆ ಮೇಲೆ. ನೈಜರ್ ಸೋತು ನೆಲ್‌ಸ್ಪ್ರೇಟ್ ಪಂದ್ಯ ಡ್ರಾ ಆದರೆ? ಮೂರೂ ತಂಡಕ್ಕೆ ಒಂಬತ್ತೊಂಬತ್ತು ಅಂಕ.

ಆದದ್ದು ಅದೇ. ಕೈರೋದಲ್ಲಿ ಈಜಿಪ್ಟಿನ ಹುಡುಗರು ಮೂರು ಗೋಲು ಹೊಡೆದರು. ಅದರಲ್ಲೊಂದು, ದೇಶದ ಪರವಾಗಿ ಮೊಹಮ್ಮದ್ ಸಲಾಹ್ ಬಾರಿಸಿದ ಮೊದಲ ಗೋಲು. ಆಗ ಅವರಿಗೆ 19 ವರ್ಷ. ಆ ಸುದ್ದಿ ನೆಲ್‌ಸ್ಪ್ರೇಟ್‌ನ ಬೆಂಚಿಗೆ ಮುಟ್ಟಿತು. ದಕ್ಷಿಣ ಆಫ್ರಿಕಾದ ಕೋಚ್ ಪಿಟ್ಸೊ ಮೊಸಿಮಾನೆ ಅವರ ಮನಸ್ಸಿನ ಪಟ್ಟಿಯಲ್ಲಿ ಈಗ ಮೂವರಿಗೂ ಒಂಬತ್ತು ಅಂಕ. ಒಟ್ಟು ಗೋಲು ವ್ಯತ್ಯಾಸ (ಹೊಡೆದ ಗೋಲಿನಲ್ಲಿ ತಿಂದ ಗೋಲು ಕಳೆದದ್ದು) ದಕ್ಷಿಣ ಆಫ್ರಿಕಾಗೆ +2, ಸಿಯೆರಾ ಲಿಯೋನ್‌ಗೆ 0, ನೈಜರ್‌ಗೆ -2. ಅಂದರೆ ನಾವೇ ಮೇಲೆ. ಹಾಗಿದ್ದ ಮೇಲೆ ಮುನ್ನುಗ್ಗಿ ಆಡಿ, ಹಿಂದೆ ಜಾಗ ತೆರವು ಮಾಡಿ, ಸಿಯೆರಾ ಲಿಯೋನ್‌ಗೆ ಗೋಲು ಬಿಟ್ಟುಕೊಡುವ ಹುಚ್ಚು ಸಾಹಸ ಯಾಕೆ? ಕೊನೆಯ ನಿಮಿಷಗಳಲ್ಲಿ ತಂಡ ಹೊತ್ತು ಕಳೆಯುತ್ತಾ ಆಡಿತು. ಗೋಲು ಬೇಕಾದ ತಂಡದ ಅವಸರ ಎಲ್ಲೂ ಕಾಣಲಿಲ್ಲ.

ಒಂದು ಗೋಲು ಹೊಡೆದಿದ್ದರೆ ಸಾಕಿತ್ತು. ಒಂದೇ ಒಂದು. 11 ಅಂಕ, ಯಾರ ತಂಟೆಯೂ ಇಲ್ಲ. ಗೋಲಿಗಾಗಿ ಮುಗಿಬೀಳಬೇಕಾದ ತಂಡ ಗೋಲೇ ಬೇಡವೆಂದು ಚೆಂಡನ್ನು ಕಾಯುತ್ತಾ ನಿಂತಿತ್ತು.

ಒಂದು ಮಾತು ಮೊಸಿಮಾನೆ ಪರವಾಗಿ ಹೇಳಲೇಬೇಕು. ಅವರು ನಂಬಿದ್ದ ನಿಯಮ ನಿಜವಾಗಿದ್ದರೆ ಅವರ ತಂತ್ರ ಸರಿಯಾಗಿಯೇ ಇತ್ತು. ಆಡಿದ ರೀತಿಯಲ್ಲಿ ಪೆದ್ದುತನ ಇರಲಿಲ್ಲ, ಬುನಾದಿಯ ಕಲ್ಲೊಂದು ಸರಿದಿತ್ತು.

ಈಜಿಪ್ಟನ್ನು ಅಳಿಸಿಬಿಡಿ

ಆಫ್ರಿಕಾ ಫುಟ್‌ಬಾಲ್ ಒಕ್ಕೂಟದ ನಿಯಮ ಏನೆಂದರೆ, ಅಂಕ ಸಮವಾದ ತಂಡಗಳನ್ನು ಮೊದಲು ಬೇರ್ಪಡಿಸಬೇಕಾದ್ದು ಆ ತಂಡಗಳು ಪರಸ್ಪರ ಆಡಿದ ಪಂದ್ಯಗಳ ಅಂಕದಿಂದ. ಒಟ್ಟು ಗೋಲು ವ್ಯತ್ಯಾಸದ ಸರದಿ ಬರುವುದು ಎಷ್ಟೋ ಮೆಟ್ಟಿಲು ಕೆಳಗೆ. ಹೆಡ್ ಟು ಹೆಡ್ ಅನ್ನುತ್ತಾರಲ್ಲ, ಅದು.

ಇಲ್ಲಿ ಸಮವಾದವರು ಮೂವರು. ಹಾಗಾಗಿ ನಾಲ್ಕನೆಯವರಾದ ಈಜಿಪ್ಟ್ ಆಡಿದ ಆರೂ ಪಂದ್ಯಗಳನ್ನು ಪಟ್ಟಿಯಿಂದ ಒರೆಸಿಹಾಕಬೇಕು. ಲೆಕ್ಕಕ್ಕೊಂದು ಅಡ್ಡದಾರಿ ಇದೆ: ಪ್ರತಿಯೊಬ್ಬರ ಒಂಬತ್ತು ಅಂಕದಿಂದ ಈಜಿಪ್ಟ್ ವಿರುದ್ಧ ಗಳಿಸಿದ್ದನ್ನು ಕಳೆಯಿರಿ. ದಕ್ಷಿಣ ಆಫ್ರಿಕಾ ಈಜಿಪ್ಟ್ ಎದುರು ಒಂದು ಗೆಲುವು, ಒಂದು ಡ್ರಾ ಸೇರಿ ನಾಲ್ಕು ಅಂಕ ಪಡೆದಿತ್ತು. ಒಂಬತ್ತರಲ್ಲಿ ನಾಲ್ಕು ಹೋದರೆ ಐದು. ಸಿಯೆರಾ ಲಿಯೋನ್‌ದೂ ಅದೇ ಕಥೆ, ಐದು. ನೈಜರ್ ಒಂದು ಗೆಲುವು, ಒಂದು ಸೋಲು, ಮೂರು ಅಂಕ. ಒಂಬತ್ತರಲ್ಲಿ ಮೂರು ಹೋದರೆ ಆರು.

ಆರು, ಐದು, ಐದು. ನೈಜರ್ ಒಳಗೆ. ಗೋಲು ಎಣಿಸುವ ಪ್ರಮೇಯವೇ ಬರಲಿಲ್ಲ.

ಈ ಕಳೆಯುವ ಲೆಕ್ಕವನ್ನು ಇನ್ನೊಂದು ಬಗೆಯಲ್ಲಿ ಹೇಳಿದರೆ ಕಿವಿಗೆ ವಿಚಿತ್ರವಾಗಿ ಕೇಳುತ್ತದೆ: ಚಾಂಪಿಯನ್ ತಂಡದ ಎದುರು ಎಲ್ಲರಿಗಿಂತ ಕಡಿಮೆ ಗಳಿಸಿದವರು ಗುಂಪು ಗೆದ್ದರು. ಮಾರ್ಚ್‌ನಲ್ಲಿ ಜೋಹಾನ್ಸ್‌ಬರ್ಗ್‌ನ ಎಲ್ಲಿಸ್ ಪಾರ್ಕ್‌ನಲ್ಲಿ ದಕ್ಷಿಣ ಆಫ್ರಿಕಾದ ಕಟ್ಲೆಗೊ ಎಂಫೆಲಾ 90 ನಿಮಿಷ ಮುಗಿದು ರೆಫರಿ ಸೇರಿಸಿದ ನಿಮಿಷಗಳಲ್ಲಿ ಗೋಲು ಹೊಡೆದು ಈಜಿಪ್ಟನ್ನು ಕೆಡವಿದ್ದು ಇಡೀ ದೇಶ ಕುಣಿದ ಗೆಲುವು. ಅಕ್ಟೋಬರ್‌ನ ಈ ಚಿಕ್ಕ ಪಟ್ಟಿಯಲ್ಲಿ ಅದಕ್ಕೆ ಕವಡೆ ಕಿಮ್ಮತ್ತಿಲ್ಲ. ಕೈರೋದ 0-3 ಸೋಲೂ ಹಾಗೆಯೇ ಗಾಳಿಗೆ ಹಾರಿತು. ಮೊಸಿಮಾನೆಗೆ ಸಿಹಿಸುದ್ದಿಯಾಗಿ ಬಂದ ಆ ಮೂರು ಗೋಲುಗಳಿಂದ ನೈಜರ್‌ಗೆ ಕಳೆದುಹೋದದ್ದು ಪಂದ್ಯವೊಂದೇ.

ಅರ್ಧ ಗೊತ್ತಿದ್ದವರೂ ಎಡವುವ ಜಾಗ

ಮೇಲೆ ಹೇಳಿದ ಎಡವುವ ಜಾಗ ಇದು. ಹೆಡ್ ಟು ಹೆಡ್ ಎಂದು ಗೊತ್ತಿದ್ದವರೊಬ್ಬರು ದಕ್ಷಿಣ ಆಫ್ರಿಕಾದ ಬೆಂಚಿನಲ್ಲಿ ಅವತ್ತು ಇದ್ದರು ಎಂದುಕೊಳ್ಳಿ. ಅವರು ಅವಸರದಲ್ಲಿ ನೋಡುವುದು ಏನನ್ನು? ನಮ್ಮ ಎದುರಾಳಿ ನೈಜರ್, ನಾವೂ ಅವರೂ ಆಡಿದ ಎರಡು ಪಂದ್ಯ ಯಾವುವು? ನೆಲ್‌ಸ್ಪ್ರೇಟ್‌ನಲ್ಲಿ ನಾವು 2-0, ನಿಯಾಮೆಯಲ್ಲಿ ಅವರು 2-1. ಆಳಿಗೊಂದು ಗೆಲುವು. ಗೋಲು ಕೂಡಿದರೆ 3-2, ನಾವೇ ಮುಂದೆ. ಸರಿ, ಡ್ರಾ ಸಾಕು, ಆರಾಮಾಗಿ ಆಡಿ!

ಇದೂ ತಪ್ಪು. ಯಾಕೆಂದರೆ ಇಬ್ಬರ ನಡುವಿನ ಸಮಬಲ ಬೇರೆ, ಮೂವರ ನಡುವಿನ ಸಮಬಲ ಬೇರೆ. ಇಬ್ಬರೇ ಸಮವಾಗಿದ್ದರೆ ದಕ್ಷಿಣ ಆಫ್ರಿಕಾ ಗೆಲ್ಲುತ್ತಿತ್ತು. ಆದರೆ ಅವತ್ತು ಇಬ್ಬರೇ ಸಮವಾಗುವುದು ಸಾಧ್ಯವೇ ಇರಲಿಲ್ಲ. ಸಿಯೆರಾ ಲಿಯೋನ್ ಎಂಟು ಅಂಕ ಇಟ್ಟುಕೊಂಡೇ ಮೈದಾನಕ್ಕೆ ಬಂದಿತ್ತು. ಪಂದ್ಯ ಡ್ರಾ ಆದರೆ ಅವರಿಗೂ ಒಂಬತ್ತು. ಡ್ರಾಗಾಗಿ ಆಡುವುದೆಂದರೆ ಮೂರನೆಯವರನ್ನು ಕೈಹಿಡಿದು ಪಂಕ್ತಿಗೆ ಕೂರಿಸಿದ ಹಾಗೆ. ಆ ಮೂರನೆಯವರು ಬಂದು ಕೂತ ತಕ್ಷಣ ಚಿಕ್ಕ ಪಟ್ಟಿಗೆ ದಕ್ಷಿಣ ಆಫ್ರಿಕಾದ ಎರಡು 0-0 ಡ್ರಾಗಳೂ ನೈಜರ್‌ನ 3-1 ಗೆಲುವೂ ಸೇರಿಕೊಂಡವು. ತಮ್ಮನ್ನು ಉಳಿಸುತ್ತದೆಂದು ಅಪ್ಪಿಕೊಂಡ ಒಂದು ಅಂಕವೇ ಎದುರಾಳಿಗೂ ಒಂದು ಅಂಕ ಕೊಟ್ಟು, ಇಬ್ಬರನ್ನೂ ಮುಳುಗಿಸಿತು.

ತೆನಾಲಿ ರಾಮನ ಬೆಕ್ಕು

ಗೋಲು ವ್ಯತ್ಯಾಸವೇ ಮೊದಲು ಎಂಬ ನಂಬಿಕೆ ಅಷ್ಟು ಗಟ್ಟಿಯಾಗಿ ಬೇರೂರಿದ್ದು ಎಲ್ಲಿಂದ? ನನ್ನ ಊಹೆಗೆ ದೂರ ಹೋಗಬೇಕಿಲ್ಲ. ಹದಿನಾರು ತಿಂಗಳ ಹಿಂದೆ, 2010ರ ಜೂನ್‌ನಲ್ಲಿ, ಇದೇ ತಂಡ ತನ್ನದೇ ನೆಲದ ವಿಶ್ವಕಪ್‌ನಿಂದ ಹೊರಬಿದ್ದದ್ದು ಗೋಲು ವ್ಯತ್ಯಾಸದಿಂದ. ಮೆಕ್ಸಿಕೊಗೂ ನಾಲ್ಕು ಅಂಕ, ಇವರಿಗೂ ನಾಲ್ಕು. ಬ್ಲೂಮ್‌ಫಾಂಟೀನ್‌ನಲ್ಲಿ ಫ್ರಾನ್ಸ್ ತಂಡವನ್ನು 2-1ರಿಂದ ಸೋಲಿಸಿದ ಖುಷಿಯನ್ನೂ ಅನುಭವಿಸಲಾಗದೆ, ಇನ್ನಷ್ಟು ಗೋಲು ಬೇಕಿತ್ತಲ್ಲ ಎಂದು ಕೊರಗಿದ ತಂಡ ಅದು. ಆತಿಥೇಯ ದೇಶ ಮೊದಲ ಸುತ್ತಿನಲ್ಲೇ ಹೊರಬಿದ್ದದ್ದು ವಿಶ್ವಕಪ್ ಇತಿಹಾಸದಲ್ಲಿ ಅದೇ ಮೊದಲು.

ಬಿಸಿ ಹಾಲಿಗೆ ನಾಲಿಗೆ ಸುಟ್ಟುಕೊಂಡ ತೆನಾಲಿ ರಾಮನ ಬೆಕ್ಕು ಆಮೇಲೆ ಹಾಲಿನ ಬಟ್ಟಲು ಕಂಡರೇ ಓಡುತ್ತಿತ್ತಂತೆ. ವಿಶ್ವಕಪ್ ನಡೆಸುವ ಫಿಫಾದ ಬಟ್ಟಲಿನಲ್ಲಿ ಸುಟ್ಟುಕೊಂಡವರು ಆಫ್ರಿಕಾ ಒಕ್ಕೂಟದ ಬಟ್ಟಲನ್ನೂ ಅದೇ ಕಣ್ಣಿನಲ್ಲಿ ನೋಡಿದರು. ಫಿಫಾ ಆಗ ಗೋಲು ವ್ಯತ್ಯಾಸವನ್ನು ಮೊದಲಿಡುತ್ತಿತ್ತು, ಆಫ್ರಿಕಾ ಒಕ್ಕೂಟ ಇಡುತ್ತಿರಲಿಲ್ಲ. ಟೂರ್ನಿ ಬದಲಾದರೆ ನಿಯಮ ಪುಸ್ತಕವೂ ಬದಲಾಗುತ್ತದೆ.

ಕ್ರಿಕೆಟ್ ನೋಡುವವರಿಗೆ ಇಷ್ಟರಲ್ಲಿ ಇನ್ನೊಂದು ದೃಶ್ಯ ಕಣ್ಣಮುಂದೆ ಬಂದಿರುತ್ತದೆ. 2003ರ ಮಾರ್ಚ್ 3, ಡರ್ಬನ್, ವಿಶ್ವಕಪ್, ಶ್ರೀಲಂಕಾ ಎದುರು ದಕ್ಷಿಣ ಆಫ್ರಿಕಾ. ಮಳೆ ಹನಿಯುತ್ತಿದೆ. ಡಕ್‌ವರ್ತ್ ಲೂಯಿಸ್ ಚೀಟಿ ನೋಡಿ 229 ಸಾಕು ಎಂದು ಮಾರ್ಕ್ ಬೌಚರ್‌ಗೆ ಸಂದೇಶ ಹೋಗಿದೆ. ಬೌಚರ್ ಮುರಳೀಧರನ್ ಎಸೆತಕ್ಕೆ ಸಿಕ್ಸರ್ ಎತ್ತಿ 229 ಮುಟ್ಟಿಸುತ್ತಾರೆ, 45ನೇ ಓವರಿನ ಕೊನೆಯ ಚೆಂಡನ್ನು ನಾಜೂಕಾಗಿ ತಡೆದು ನಿಲ್ಲಿಸುತ್ತಾರೆ. ಆಟ ಮುಂದುವರಿಯಲಿಲ್ಲ. 229 ಗೆಲುವಿನ ಅಂಕಿಯಾಗಿರಲಿಲ್ಲ, ಸಮದ ಅಂಕಿಯಾಗಿತ್ತು. ಒಂದು ರನ್ ಓಡಿದ್ದರೆ ಸಾಕಿತ್ತು. ಆತಿಥೇಯರು ಹೊರಗೆ. ಎಂಟು ವರ್ಷದಲ್ಲಿ ಒಂದೇ ದೇಶದ ಎರಡು ಆಟದ ತಂಡಗಳು ಒಂದೇ ಗುಂಡಿಗೆ ಬಿದ್ದವು: ಒಬ್ಬರು ಬೇಕಿದ್ದ ರನ್ ಓಡಲಿಲ್ಲ, ಇನ್ನೊಬ್ಬರು ಬೇಕಿದ್ದ ಗೋಲು ಹೊಡೆಯಹೋಗಲಿಲ್ಲ.

ನಾವೂ ನಗುವಂತಿಲ್ಲ. ಕ್ರಿಕೆಟ್ಟಿನಿಂದ ಫುಟ್‌ಬಾಲಿಗೆ ಬರುವ ನಮ್ಮಂಥವರ ತಲೆಯಲ್ಲಿ ನೆಟ್ ರನ್‌ರೇಟ್ ಅಚ್ಚೊತ್ತಿದೆ. 2024ರ ಮೇ 18ರಂದು ಚಿನ್ನಸ್ವಾಮಿಯಲ್ಲಿ ಚೆನ್ನೈ ಎದುರು ಆರ್‌ಸಿಬಿ ಗೆದ್ದರಷ್ಟೇ ಸಾಲದು, 18 ರನ್ನಿನಿಂದಾದರೂ ಗೆಲ್ಲಬೇಕು ಎಂಬುದು ಬೆಂಗಳೂರಿನ ಮಕ್ಕಳಿಗೂ ಬಾಯಿಪಾಠವಾಗಿತ್ತು. ಗೆದ್ದದ್ದು 27 ರನ್ನಿನಿಂದ. ಅದೇ ಮಕ್ಕಳಿಗೆ ಫುಟ್‌ಬಾಲ್ ಪಟ್ಟಿ ತೋರಿಸಿದರೆ ಕಣ್ಣು ನೇರ ಹೋಗುವುದು ಕೊನೆಯ ಕಾಲಮ್ಮಿನ +2, -2ಕ್ಕೆ. ಪಟ್ಟಿ ಅಚ್ಚು ಹಾಕುವವರೂ ಆ ಕಾಲಮ್ ಬಿಡುವುದಿಲ್ಲ. ಹೆಡ್ ಟು ಹೆಡ್‌ಗೆ ಕಾಲಮ್ ಇರುವುದಿಲ್ಲ, ಇರಲು ಸಾಧ್ಯವೂ ಇಲ್ಲ. ಯಾರು ಯಾರ ಜೊತೆ ಸಮವಾಗುತ್ತಾರೆ ಎಂದು ಮೊದಲೇ ಹೇಳಲು ಬರುವುದಿಲ್ಲವಲ್ಲ. ಕಣ್ಣಿಗೆ ಕಂಡದ್ದನ್ನೇ ನಿಯಮ ಎಂದುಕೊಳ್ಳುವುದು ಎಷ್ಟು ಸುಲಭ ನೋಡಿ.

ಆಮೇಲೆ

ಕೋಚ್ ತಪ್ಪು ಒಪ್ಪಿಕೊಂಡರು. ದಕ್ಷಿಣ ಆಫ್ರಿಕಾದ ಫುಟ್‌ಬಾಲ್ ಸಂಸ್ಥೆ ಸಾಫಾ ಮೊದಲು ಒಕ್ಕೂಟಕ್ಕೆ ದೂರು ಕೊಟ್ಟಿತು, ನಂತರ ಹಿಂದಕ್ಕೆ ಪಡೆಯಿತು. ಪಡೆಯದೆ ಇನ್ನೇನು ಮಾಡೀತು. ಆಟ ಶುರುವಾಗುವ ಮುಂಚೆಯೇ ಅಚ್ಚಾದ ನಿಯಮ ಅದು. ನನ್ನ ಮಟ್ಟಿಗೆ ಹೆಚ್ಚಿನ ಹೊಣೆ ಸಂಸ್ಥೆಯದ್ದೇ. ಬೆಂಚಿನಲ್ಲಿ ಕೂತ ಕೋಚ್ ಎದುರಾಳಿಯ ಮಿಡ್‌ಫೀಲ್ಡ್ ನೋಡಬೇಕು, ಗಾಯಗೊಂಡವನನ್ನು ನೋಡಬೇಕು. ನಿಯಮದ ಪುಟ ಓದಿ, ಮೂರು ಸಾಲಿನ ಚೀಟಿ ಬರೆದು, ಪಂದ್ಯಕ್ಕೆ ಎರಡು ದಿನ ಮುಂಚೆ ಅವರ ಕೈಗಿಡುವುದು ಕಚೇರಿಯ ಕೆಲಸ.

ಮೊಸಿಮಾನೆ 2012ರ ಜೂನ್‌ನಲ್ಲಿ ಕೆಲಸ ಕಳೆದುಕೊಂಡರು. ಆ ಮನುಷ್ಯನ ಕಥೆ ಅಲ್ಲಿಗೆ ಮುಗಿಯಲಿಲ್ಲ. ಮಾಮೆಲೋಡಿ ಸನ್‌ಡೌನ್ಸ್ ಕ್ಲಬ್ಬಿಗೆ 2016ರಲ್ಲಿ ಆಫ್ರಿಕಾದ ಚಾಂಪಿಯನ್ಸ್ ಲೀಗ್ ಗೆಲ್ಲಿಸಿಕೊಟ್ಟರು. ಆಮೇಲೆ ಅಲ್ ಅಹ್ಲಿ ಸೇರಿ 2020, 2021ರಲ್ಲಿ ಮತ್ತೆರಡು. ಅಲ್ ಅಹ್ಲಿ ಯಾವ ಊರಿನದು? ಕೈರೋದ್ದು.

ನೈಜರ್ ತನ್ನ ಮೊದಲ ಆಫ್ರಿಕಾ ಕಪ್‌ನಲ್ಲಿ ಮೂರೂ ಪಂದ್ಯ ಸೋತಿತು: ಗ್ಯಾಬನ್, ಟುನೀಶಿಯಾ, ಮೊರಾಕೊ. ಮನೆಯ ಹುಲಿಗೆ ಅಲ್ಲಿ ಮನೆ ಇರಲಿಲ್ಲ. ಈಜಿಪ್ಟ್, ನೈಜೀರಿಯಾ, ಕ್ಯಾಮರೂನ್ ಯಾವುವೂ ಇಲ್ಲದ ಆ ಟೂರ್ನಿಯ ಕಪ್ ಗೆದ್ದದ್ದು ಜಾಂಬಿಯಾ. ದಕ್ಷಿಣ ಆಫ್ರಿಕಾಗೆ ಮುಂದಿನ, 2013ರ ಕಪ್ ಆಡಲು ಅರ್ಹತಾ ಸುತ್ತೇ ಬೇಕಾಗಲಿಲ್ಲ. ಲಿಬಿಯಾದಲ್ಲಿ ಯುದ್ಧ ನಡೆದಿದ್ದರಿಂದ ಆತಿಥ್ಯ ಇವರ ಪಾಲಿಗೆ ಬಂತು. ಅತಿಥಿಗಳಾಗಿ ಬಂದ ತಂಡಗಳಲ್ಲಿ ನೈಜರ್ ಕೂಡ ಇತ್ತು.

ನಿಯಮವೇ ಸರಿಯಿಲ್ಲವೇ?

ಈ ವಾದ ಆಗಲೂ ಕೇಳಿಬಂತು, ಈಗಲೂ ಕೇಳುತ್ತದೆ. ಹೆಡ್ ಟು ಹೆಡ್ ಪರವಾಗಿ ಹೇಳುವುದಾದರೆ ಜಿ ಗುಂಪೇ ಸಾಕ್ಷಿ. ಈಜಿಪ್ಟ್ ಒಂದು ತಂಡವಾಗಿ ಉಳಿದೇ ಇರಲಿಲ್ಲ. ಮೊದಲು ಆಡಿದವರಿಗೆ ಸಿಕ್ಕಿದ್ದು ಚಾಂಪಿಯನ್ನರು, ಕೊನೆಗೆ ಆಡಿದವರಿಗೆ ಸಿಕ್ಕಿದ್ದು ಎಳೆಯರು. ಅಂಥ ತಂಡದ ಎದುರು ಹೊಡೆದ, ತಿಂದ ಗೋಲುಗಳಿಂದ ಉಳಿದ ಮೂವರ ಹಣೆಬರಹ ಬರೆಯುವುದಕ್ಕಿಂತ, ಅವರವರೇ ಆಡಿದ ಪಂದ್ಯ ನೋಡುವುದು ವಾಸಿ.

ವಿರುದ್ಧವಾಗಿ ಹೇಳುವುದಾದರೆ 2004ರ ಯೂರೋ, ಅಂದರೆ ಯುರೋಪ್ ದೇಶಗಳ ಕಪ್, ಇದೆ. ಕೊನೆಯ ದಿನ ಡೆನ್ಮಾರ್ಕ್, ಸ್ವೀಡನ್ ಪಂದ್ಯ 2-2 ಆಗಿಬಿಟ್ಟರೆ ಇಟಲಿ ಎಷ್ಟೇ ಗೋಲು ಹೊಡೆದರೂ ಹೊರಗೆ ಎಂದು ಪರಸ್ಪರ ಪಂದ್ಯಗಳ ಲೆಕ್ಕ ಮೊದಲೇ ಹೇಳುತ್ತಿತ್ತು. ಪಂದ್ಯ 2-2 ಆಯಿತು. ಇಟಲಿಯವರ ಅನುಮಾನ ಇವತ್ತಿಗೂ ತಣ್ಣಗಾಗಿಲ್ಲ. ನನ್ನ ಒಲವು ಆದರೂ ಹೆಡ್ ಟು ಹೆಡ್ ಕಡೆಗೇ. ಫಿಫಾ ಕೂಡ 2026ರ ವಿಶ್ವಕಪ್‌ನ ಗುಂಪು ಹಂತಕ್ಕೆ ಗೋಲು ವ್ಯತ್ಯಾಸವನ್ನು ಹಿಂದೆ ತಳ್ಳಿ ಪರಸ್ಪರ ಪಂದ್ಯಗಳನ್ನು ಮುಂದೆ ತಂದಿದೆ.

ಆ ವಿಶ್ವಕಪ್‌ನ ಅರ್ಹತಾ ಸುತ್ತಿನಲ್ಲೂ ದಕ್ಷಿಣ ಆಫ್ರಿಕಾ ನಿಯಮ ಪುಸ್ತಕಕ್ಕೆ ಸಿಕ್ಕಿಬಿತ್ತು. ಎರಡು ಹಳದಿ ಕಾರ್ಡು ಪಡೆದು ಒಂದು ಪಂದ್ಯ ಹೊರಗೆ ಕೂರಬೇಕಿದ್ದ ಟೆಬೊಹೊ ಮೊಕೊಯೆನಾ ಅವರನ್ನು 2025ರ ಮಾರ್ಚ್‌ನಲ್ಲಿ ಲೆಸೊಥೊ ಎದುರು ಆಡಿಸಿಬಿಟ್ಟಿದ್ದರು. ಸೆಪ್ಟೆಂಬರ್‌ನಲ್ಲಿ ಫಿಫಾ ಆ ಗೆಲುವಿನ ಮೂರು ಅಂಕ ಕಿತ್ತುಕೊಂಡಿತು. ಕೊನೆಯ ದಿನಕ್ಕೆ ಬೆನಿನ್ 17, ದಕ್ಷಿಣ ಆಫ್ರಿಕಾ 15, ನೈಜೀರಿಯಾ 14. ಕೊನೆಯ ಪಂದ್ಯ ಅಕ್ಟೋಬರ್ 14ರಂದು, ರುವಾಂಡಾ ಎದುರು, ಅದೇ ಎಂಬೊಂಬೆಲಾದಲ್ಲಿ, ಅದೇ ಜಿರಾಫೆ ಕಂಬಗಳ ಕೆಳಗೆ. ಈ ಸಲ ಡ್ರಾ ಸಾಕೆಂದು ಯಾರೂ ಹೇಳಲಿಲ್ಲ. 3-0ರಿಂದ ಗೆದ್ದು, 18 ಅಂಕದೊಂದಿಗೆ ಮೇಲೆ ಬಂದರು. ಬೆನಿನ್ ತಂಡವನ್ನು 4-0ರಿಂದ ಮಣಿಸಿದ ನೈಜೀರಿಯಾಗೂ ಬೆನಿನ್‌ಗೂ ಹದಿನೇಳು ಹದಿನೇಳು. ಅವರಿಬ್ಬರಲ್ಲಿ ಎರಡನೆಯವರು ಯಾರೆಂದು ತೀರ್ಮಾನಿಸಿದ್ದು ಗೋಲು ವ್ಯತ್ಯಾಸ.